ಹಿಂದೆ ಎತ್ತಿದ ಕಾರು

ಅಣ್ಣನ ಹಳೇ ಅಂಬಾಸಿಡರ್ ಕಾರು ಖಾಲಿ ನಿಂತಾಗ ಮುಂದೆ ತಗ್ಗಿ, ಹಿಂದೆ ಎದ್ದು, ಹಾಯಲು ಬಂದ ಹೋರಿಯ ಹಾಗೆ ಕಾಣುತ್ತಿತ್ತು. ತೊಂಬತ್ತರ ದಶಕದಲ್ಲಿ ನಮ್ಮ ಅರಕೆರೆ ಕಡೆ ಕಾರೆಂದರೆ ಬರೀ ಜನ ಕೂರುವ ಗಾಡಿಯಲ್ಲ. ಅಣ್ಣ ಹಿಂದಿನ ಸೀಟು ಬಿಚ್ಚಿಟ್ಟು, ಆಲೆಮನೆಗಳಿಂದ ಬೆಲ್ಲ ತುಂಬಿಕೊಂಡು ಮಂಡ್ಯದ ಮಂಡಿಗೆ ಹಾಕುತ್ತಿದ್ದ. ಅದೇ ಅವನ ಸಂಪಾದನೆ. ಅಷ್ಟು ಭಾರಕ್ಕೆ ಹಿಂಬದಿ ಕುಸಿದು ಚಕ್ರಕ್ಕೆ ಬಾಡಿ ಉಜ್ಜದಿರಲೆಂದು, ಲಾರಿಯ ಗುಜರಿಯಿಂದ ತಂದ ಉಕ್ಕಿನ ಪಟ್ಟಿಗಳನ್ನು ಹಿಂದಿನ ಸ್ಪ್ರಿಂಗ್ ಕಮಾನುಗಳಿಗೆ ಸೇರಿಸಿದ್ದ. ಬೆಲ್ಲ ತುಂಬಿದರೆ ಕಾರು ಮಟ್ಟಸವಾಗಿ ಹೋಗುತ್ತಿತ್ತು. ಖಾಲಿಯಿದ್ದರೆ ಸಣ್ಣ ಕಲ್ಲಿಗೂ ಎಗರುತ್ತಿತ್ತು.

ಆ ಕಾರಿನಲ್ಲೇ ಅವ್ವನನ್ನು ಮೈಸೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಾಗಿ ಬಂತು. ಕ್ಯಾನ್ಸರು ಬೆನ್ನುಮೂಳೆಗೆ ಇಳಿದಿತ್ತು. ಕರೆಂಟು, ಅಂದರೆ ರೇಡಿಯೇಷನ್, ಕೊಡಿಸಲು ದಿನಾ ಹೋಗಿಬರಬೇಕು. ಅಲ್ಲೇ ಉಳಿಯಲು ಅವ್ವ ಒಪ್ಪಲಿಲ್ಲ, ಬಸ್ಸಿನಲ್ಲಿ ಕೂರುವ ಸ್ಥಿತಿಯಿರಲಿಲ್ಲ. ಸೀಟು ಮತ್ತೆ ಜೋಡಿಸಿ, ಹಾಸಿಗೆ ಹಾಸಿ ಮಲಗಿಸಿದೆವು. ನಾಲೆ ಪಕ್ಕದ ರಸ್ತೆಯನ್ನು ಕಬ್ಬಿನ ಗಾಡಿಗಳು ಉತ್ತು ಹಾಕಿದ್ದವು. ಮೊದಲ ಹಳ್ಳಕ್ಕೇ ಅವ್ವ ಎಂಥ ಕೂಗು ಕೂಗಿದಳೆಂದರೆ, ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ನೆಟ್ಟಗೆ ಎದ್ದು ನಿಂತರು.

"ಅವ್ವ ಅವ್ಳೆ ಇಲ್ಲಿ, ಬೆಲ್ಲದಚ್ಚಲ್ಲ! ನೋಡ್ಕೊಂಡ್ ಓಡ್ಸು" ಎಂದು ಅಣ್ಣನ ಮೇಲೆ ಹರಿಹಾಯ್ದೆ.

"ನಿಧಾನಕ್ಕೇ ಓಯ್ತಾ ಇವ್ನಿ ಕಣವ್ವ. ಗಾಡಿ ಎಗರ್ತದೆ, ನಾನೇನ್ ಮಾಡ್ಲಿ?"

ಮಾರನೇ ದಿನ ಡಿಕ್ಕಿಗೆ ಭತ್ತದ ಮೂಟೆ ಹೇರಿದ. ಭಾರ ಬಿದ್ದರೆ ಕಮಾನು ಬಗ್ಗುತ್ತದೆ ಎಂಬುದು ಅವನ ಲೆಕ್ಕ. ಕಾರಿನ ಬಾಲವೇನೋ ಇಳಿಯಿತು, ಎಗರುವುದೂ ತುಸು ಕಡಿಮೆಯಾಯಿತು. ಆದರೆ ದೊಡ್ಡ ಹಳ್ಳ ಸಿಕ್ಕಾಗ ಮೂಟೆಗಳ ಭಾರವೆಲ್ಲ ಸೇರಿ ಕಾರು ಧಡ್ ಎಂದು ಕೂರುತ್ತಿತ್ತು. ಅವ್ವನಿಗೆ ಕೂಗಲೂ ಉಸಿರಿರುತ್ತಿರಲಿಲ್ಲ. ಆ ಮೂಟೆಗಳನ್ನು ನಾಲೆಗೆ ನೂಕಿಬಿಡಬೇಕೆನ್ನುವಷ್ಟು ಸಿಟ್ಟು ನನಗೆ.

ವಾಪಸು ಬರುವಾಗ ಶ್ರೀರಂಗಪಟ್ಟಣದ ಗ್ಯಾರೇಜಿನಲ್ಲಿ ನಿಲ್ಲಿಸಿದೆವು. ಅಣ್ಣ ಮೂಟೆಗಳನ್ನು ಇಳಿಸಿದ, ನಾನು ಅವ್ವನನ್ನು ನೆರಳಿನಲ್ಲಿ ಚಾಪೆಯ ಮೇಲೆ ಮಲಗಿಸಿದೆ. ಗ್ಯಾರೇಜಿನ ಸಾಬರು ಕಾರಿನಡಿ ತೂರಿ ನೋಡಿ, "ಇಷ್ಟು ಪಟ್ಟಿ ಇದ್ರೆ ಕುಣೀದೇ ಇನ್ನೇನು? ಬಿಚ್ಬೇಕು. ಎಲ್ಲಾ ಬಿಚ್ಚಿದ್ರೆ ಇದು ಬೆಲ್ಲ ಹೊರಲ್ಲ, ಸೋಚ್ ಮಾಡಿ" ಎಂದರು.

"ಬಿಚ್ಚಿ ಭಾಯ್" ಎಂದ ಅಣ್ಣ. ಒಂದು ಗಳಿಗೆಯೂ ಯೋಚಿಸಲಿಲ್ಲ. ಆಲೆಮನೆಗಳು ಹಗಲೂ ರಾತ್ರಿ ನಡೆಯುತ್ತಿದ್ದ ಕಾಲ ಅದು. ಚಾಪೆಯ ಮೇಲಿದ್ದ ಅವ್ವನಿಗೂ ಅದೆಲ್ಲ ಕೇಳಿಸಿತು.

ಸಾಬರು ಒಂದೊಂದೇ ಪಟ್ಟಿ ಬಿಚ್ಚುತ್ತಾ, ಆಕ್ಸಲಿಗೂ ಅದರ ಮೇಲಿನ ರಬ್ಬರಿಗೂ ನಡುವಿನ ಸಂದಿಗೆ ಬೆರಳಿಟ್ಟು ಅಳೆಯುತ್ತಾ ಹೋದರು. ಆ ಸಂದು ತೀರಾ ಕಿರಿದಾದರೆ ಹಳ್ಳ ಸಿಕ್ಕಾಗ ಕಾರು ತಳ ಕಚ್ಚಿ ಬಡಿಯುತ್ತದಂತೆ. "ಭಾರ ಇಟ್ಟೇ ನೋಡ್ಬೇಕು, ಅಮ್ಮನ್ನ ಸೀಟಲ್ಲಿ ಮಲಗ್ಸಿ" ಎಂದರು. ಎತ್ತಿ ಮಲಗಿಸಿದೆವು. ಸ್ವಲ್ಪ ಹೊತ್ತು ಬಿಟ್ಟು ಕೆಳಗಿನಿಂದಲೇ, "ಇನ್ನೂ ಮಲಗ್ಸಿಲ್ವಾ? ಮಲಗ್ಸಿ" ಎಂದು ಕೂಗಿದರು. ಮಲಗಿಸಿಯಾಗಿತ್ತು. ಅವ್ವನ ಭಾರ ಕಮಾನಿಗೆ ಗೊತ್ತೇ ಆಗಿರಲಿಲ್ಲ. ಅಣ್ಣ ಮುಖ ತಿರುಗಿಸಿಕೊಂಡು ರಸ್ತೆ ನೋಡುತ್ತಾ ನಿಂತ.

ಸಾಬರು ಒಂದೆರಡು ಪಟ್ಟಿಯನ್ನಷ್ಟೇ ಉಳಿಸಿ ಕಳಿಸಿದರು. ಮಾರನೇ ದಿನ ಅವ್ವ ಸೀಟಿನ ಬೆನ್ನಿಗೆ ಮುಖ ಮಾಡಿ, ಮುಸುಕೆಳೆದುಕೊಂಡು ಮಲಗಿದಳು. ಅವಳ ಕಾಲು ನನ್ನ ತೊಡೆಯ ಮೇಲಿತ್ತು. ಒಂದು ಹಳ್ಳ ದಾಟಿತು, ಇನ್ನೊಂದು ದಾಟಿತು. ಅವ್ವ ಕೂಗಲಿಲ್ಲ. ಹೊಳೆ ಸೇತುವೆ ಹತ್ತುವಷ್ಟರಲ್ಲಿ ಅಣ್ಣನ ಮುಖ ಅರಳಿತ್ತು. "ನೋಡ್ದಾ? ಈಗ ಸರ್ಯಾಯ್ತು" ಎಂದ. ನನಗೂ ಜೀವ ಹಗುರಾಯಿತು. ಎಷ್ಟೋ ದಿನದ ಮೇಲೆ ಇಬ್ಬರೂ ನಕ್ಕೆವು.

ಆಸ್ಪತ್ರೆಯ ಮುಂದೆ ಅಣ್ಣ ತಳ್ಳುಗಾಡಿ ತರಲು ಹೋದ. ನಾನು ಅವ್ವನನ್ನು ಮೆಲ್ಲಗೆ ನನ್ನ ಕಡೆ ಹೊರಳಿಸಿದೆ. ಸೆರಗನ್ನು ಉಂಡೆ ಮಾಡಿ ಬಾಯಿಗೆ ತುರುಕಿಕೊಂಡಿದ್ದಳು. ಎಳೆದು ತೆಗೆದರೆ, ಹಲ್ಲು ಕೂತ ಕಡೆ ಸೀರೆ ತೂತಾಗಿ ರಕ್ತ ಹತ್ತಿತ್ತು.

"ಅವ್ನಿಗ್ ಯೋಳ್ಬ್ಯಾಡ ಕಣವ್ವ" ಎಂದಳು. "ಇನ್ನೊಂದ್ ಪಟ್ಟಿ ಬಿಚ್ಸೋಕೋಯ್ತಾನೆ. ಆಮ್ಯಾಕೆ ಎಂಗ್ ದುಡ್ಕೊಂಡ್ ತಿಂದಾನು?"

ಅಷ್ಟರಲ್ಲಿ ಅಣ್ಣ ತಳ್ಳುಗಾಡಿ ತಂದ. "ಎಂಗಿತ್ತವ್ವ ಇವತ್ತು?"

"ತೊಟ್ಲಲ್ ಮಲಗ್ದಂಗಿತ್ತು ಕಣಪ್ಪ."

ಅದನ್ನು ಅವನು ಸಿಕ್ಕವರಿಗೆಲ್ಲ ಹೇಳಿದ. ಅವ್ವ ಹೋಗಿ ಇಷ್ಟು ವರ್ಷವಾದರೂ, ಕಡೆಗಾಲದಲ್ಲಿ ಅದೊಂದು ಸುಖವನ್ನಾದರೂ ಕೊಟ್ಟೆನಲ್ಲ ಎನ್ನುತ್ತಾನೆ. ನಾನು ಹೂಂಗುಟ್ಟುತ್ತೇನೆ. ಆಮೇಲೆ ಅವ್ವ ಆಸ್ಪತ್ರೆಗೆ ಓಡಾಡಿದಷ್ಟು ದಿನವೂ, ಕಾರು ಹೊರಡುವ ಮುಂಚೆ, ಹಳೇ ಪಂಚೆಯ ತುಂಡೊಂದನ್ನು ಒಗೆದು ಮಡಿಸಿ ಅವಳ ಹಲ್ಲಿನ ನಡುವೆ ಇಡುತ್ತಿದ್ದವಳು ನಾನೇ.