ನನ್ನ ನಂತರದ ಹಾಸ್ಟೆಲ್

"ನನ್ನ ನಂತರ ನನ್ನ ಮನೆ ಕಾಲೇಜಿಗೆ ಸೇರಲಿ, ಹುಡುಗಿಯರ ಹಾಸ್ಟೆಲ್ ಆಗಲಿ" ಎಂದು, ನಿವೃತ್ತಿಯಾದ ವಾರವೇ, ರಾಯಚೂರಿನಲ್ಲಿ ನಾನು ಓದಿದ ಕಾಲೇಜಿನ ಪ್ರಿನ್ಸಿಪಾಲರಿಗೆ ಹೇಳಿದೆ. ಅವರು ಕೈಮುಗಿದರು. ದಿನವೂ ಬಸ್ಸಿನಲ್ಲಿ ಓಡಾಡಲಾಗದೆ ಓದು ಬಿಡಲು ನಿರ್ಧರಿಸಿ, ಟಿ.ಸಿ. ಕೇಳಲು ಬಂದಿದ್ದ ಮಲ್ಲಟದ ಹುಡುಗಿಯೊಬ್ಬಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಯವ್ವಾ, ನೀವು ಭಾಳ ಗಟ್ಟಿ ಅದೀರಿ. ಆ ಹಾಸ್ಟೆಲ್ ನನಗಲ್ಲ ಬಿಡ್ರಿ, ನನ್ನ ಮೊಮ್ಮಕ್ಕಳಿಗೆ."

ಪ್ರಿನ್ಸಿಪಾಲರು ಕೆಮ್ಮಿದರು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ, ನನಗೆ ಬಿ.ಪಿ. ಕೂಡ ಇರಲಿಲ್ಲ.

"ಟಿ.ಸಿ. ಬ್ಯಾಡ. ಹಾಸಿಗಿ ತಗೊಂಡು ನಮ್ಮ ಮನಿಗಿ ಬಾ. ನಸುಕಿನ್ಯಾಗ ಏಳಬೇಕು ನೋಡು" ಎಂದೆ.

ಅವಳ ಹಿಂದೆಯೇ ಮಾನ್ವಿ, ದೇವದುರ್ಗದ ಹುಡುಗಿಯರೂ ಬಂದರು. ಮನೆಯನ್ನು ಕಾಲೇಜಿಗೆ ಬರೆದಿಟ್ಟ ಉಯಿಲು ಹಾಗೆಯೇ ಇದೆ. ಈಗ ನನಗೆ ಉಳಿದಿರುವುದು ಅಡುಗೆಮನೆಯ ಪಕ್ಕದ ಕೋಣೆ ಮಾತ್ರ. ಅದು ನನ್ನ ನಂತರ.