ಪಂಚಮಿಯ ದಿನ ಹಂಚಿಟ್ಟವಳು

ಮಹಾನಂದಾಳ ನಾದಿನಿಯರನ್ನು ಕಂಡರೆ ನನಗೆ ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ಪಕ್ಷಪಾತಿ ಎಂದು ಆಡಿಕೊಳ್ಳುವುದು ಬೇಡ. ಹೌದು, ನಾನು ಪಕ್ಷಪಾತಿಯೇ. ಅಣ್ಣಿಗೇರಿಯಲ್ಲಿ ಅವರ ಮನೆ, ನಮ್ಮ ಮನೆ ಬಾಜು ಬಾಜು. ನಡುವಿನ ಹಿತ್ತಲ ಗೋಡೆ ನನ್ನ ಎದೆಮಟ್ಟಕ್ಕೂ ಬರುವುದಿಲ್ಲ. ಕದ್ದು ನೋಡುವ ಪ್ರಸಂಗವೇ ನನಗೆ ಬಂದಿಲ್ಲ, ಎಲ್ಲ ಎದುರಿಗೇ ನಡೆಯುತ್ತದೆ.

ಮಹಾನಂದಾ ಆ ಮನೆಗೆ ಒಬ್ಬಳೇ ಸೊಸೆ. ಗಂಡ ಸಂಗನಬಸವ ಕಾಳಿನ ದಲ್ಲಾಳಿ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಕಡಲೆ ಚೀಲದ ತೂಕ ಒಂಚೂರು ಹೆಚ್ಚುಕಮ್ಮಿಯಾದರೆ ಬಜಾರೆಲ್ಲ ಕೇಳುವಂತೆ ಜಗಳಾಡುವ ಈ ಗಂಡಸು, ಮನೆಯಲ್ಲಿ ತಂಗಿಯರು ಬಾಯಿ ತೆರೆದರೆ ಪೇಪರಿನ ಹಿಂದೆ ಅಡಗುತ್ತಾನೆ. ಅತ್ತೆ ರೇವವ್ವನ ಮೊಣಕಾಲು ಹೋಗಿವೆ, ನಾಲಿಗೆ ಗಟ್ಟಿಯಾಗಿದೆ. ಮಾವ ಕುಬೇರಪ್ಪನಿಗೆ ಲಕ್ವಾ ಹೊಡೆದು ಬಲಗಡೆ ಬಿದ್ದುಹೋಗಿದೆ, ಮಾತೂ ನಿಂತಿದೆ. ಗಟ್ಟಿಯಾದದ್ದು ಅವನ ಗಂಟಲಿಗೆ ಇಳಿಯುವುದಿಲ್ಲ. ನೀರಾದದ್ದು ಕೊಟ್ಟರೆ ಕೆಮ್ಮಿ ಕೆಮ್ಮಿ ಕಣ್ಣು ಮೇಲೆ ಮಾಡುತ್ತಾನೆ. ಅನ್ನ ಕಿವುಚಿ ಕೊಟ್ಟರೆ ಉಗುಳುತ್ತಾನೆ, ಅದು ಬರೀ ಹಠ. ಹಂಚಿನಿಂದ ಆಗಷ್ಟೇ ಇಳಿದ ಮೆತ್ತನೆಯ ಜೋಳದ ರೊಟ್ಟಿಯನ್ನು ಬೇಳೆಯಲ್ಲಿ ಕಿವುಚಿ, ಎಡದವಡೆಗೆ ಸ್ವಲ್ಪ ಸ್ವಲ್ಪವೇ ಇಟ್ಟರೆ ಮಾತ್ರ ನುಂಗುತ್ತಾನೆ. ದಿನಕ್ಕೆ ಎರಡು ಹೊತ್ತು ಈ ಕೆಲಸ ಮಹಾನಂದಾಳದು.

ಪಂಚಮಿ ಬಂತೆಂದರೆ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಬರಬೇಕು. ಈ ಮನೆಯ ಹೆಣ್ಣುಮಕ್ಕಳೂ ಬರುತ್ತಾರೆ. ಹಿರಿಯವಳು ನಂದಾ, ಅವಳ ತಂಗಿ, ಗಂಡಂದಿರು, ಮಕ್ಕಳು, ಒಂದು ಗಾಡಿ ತುಂಬ. ಬಂದವರು ಉಂಡೂ ಹೋಗುತ್ತಾರೆ, ಡಬ್ಬಿ ತುಂಬಿ ಉಂಡಿ ಕೊಂಡೂ ಹೋಗುತ್ತಾರೆ. ಸೊಸೆಯೂ ಯಾರದೋ ಮನೆಯ ಮಗಳು ಎಂಬುದು ಇವರ ಕ್ಯಾಲೆಂಡರಿನಲ್ಲಿ ಇಲ್ಲ. ಮಾವ ಹಾಸಿಗೆ ಹಿಡಿದ ಮೇಲೆ ಮಹಾನಂದಾ ಒಂದು ಪಂಚಮಿಗೂ ತವರಿಗೆ ಹೋಗಿರಲಿಲ್ಲ.

ಅವಳ ತವರು ಕಲಘಟಗಿ ಕಡೆಯ ತಂಬೂರ. ಈ ಸಲ ಅವಳ ಅವ್ವ ಫೋನು ಮಾಡಿ, “ಕಣ್ಣಿಗೆ ಮಬ್ಬ ಬರಾಕತ್ತೈತಿ. ನಿನ್ನ ಮಾರಿ ಕಾಣೂದ್ರಾಗ ಒಮ್ಮಿ ಬಂದ ಹೋಗವಾ” ಎಂದಳು. ಆ ಮಾತು ಕೇಳಿದ ಮೇಲೆ ಮಹಾನಂದಾಳ ಜೀವ ನಿಲ್ಲಲಿಲ್ಲ. ನಂದಾಳನ್ನು ಕೇಳಿದ್ದಕ್ಕೆ, “ಹೋಗಿ ಬರ್ರಿ ವೈನಿ, ಅಪ್ಪನ್ನ ನೋಡಾಕ ನಮಗೇನ ಕೈ ಇಲ್ಲೇನು?” ಎಂದಳು. ಪಂಚಮಿ ದಿನ ಮುಂಜಾನೆ ತಮ್ಮ ಗೌರೀಶ ಬೈಕು ತಂದು ಕರೆದೊಯ್ಯುವುದೆಂದು ನಿಶ್ಚಯವಾಯಿತು.

ಹಿಂದಿನ ದಿನದ ರೊಟ್ಟಿ ಹಬ್ಬಕ್ಕೇ ನಾದಿನಿಯರು ಬಂದಿಳಿದರು. ಮಹಾನಂದಾ ಹೊಗೆಯಲ್ಲಿ ಕುಳಿತು ಹಾಳೆಯಂಥ ಕಟಕ ರೊಟ್ಟಿಗಳನ್ನು ಬುಟ್ಟಿಗಟ್ಟಲೆ ಬಡಿದಳು. ಇವರಿಬ್ಬರೂ ಜೋಕಾಲಿಯ ಮೇಲೆ ಕುಳಿತು ಶೇಂಗಾ ಉಂಡಿಗೆ ಪಾಕ ಗಟ್ಟಿಯಾಗಿದೆ, ಎಳ್ಳುಂಡಿಗೆ ಯಾಲಕ್ಕಿ ಕಡಿಮೆಯಾಗಿದೆ ಎಂದು ತೀರ್ಪು ಕೊಟ್ಟರು. ಮರುದಿನ ನಸುಕಿಗೇ ಎದ್ದು ಮಹಾನಂದಾ ಅಷ್ಟೂ ಜನಕ್ಕೆ ಕಡುಬು ಬೇಯಿಸಿದಳು, ಬೇಳೆ, ಪಲ್ಯ ಮಾಡಿ ಮುಚ್ಚಿಟ್ಟಳು.

ಪಂಚಮಿ ದಿನ ನಮ್ಮಲ್ಲಿ ಒಲೆಯ ಮೇಲೆ ಹಂಚು ಇಡುವುದಿಲ್ಲ, ಇಟ್ಟರೆ ನಾಗಪ್ಪನ ಹೆಡೆ ಸುಡುತ್ತದೆ ಎಂದು ನಂಬಿಕೆ. ಕುದಿಸಿದ್ದು, ಉಗಿಯಲ್ಲಿ ಬೇಯಿಸಿದ್ದೇ ಅಂದಿನ ಊಟ. ರೊಟ್ಟಿ ಬೇಕಾದವರಿಗೆ ಹಿಂದಿನ ದಿನದ ಕಟಕ ರೊಟ್ಟಿ. ಅದನ್ನು ಕುಬೇರಪ್ಪನ ಗಂಟಲಿಗೆ ಹಾಕುವುದೂ ಒಂದೇ, ಹೆಂಚಿನ ಚೂರು ಹಾಕುವುದೂ ಒಂದೇ. ಅದಕ್ಕೇ ಮಹಾನಂದಾ ಪ್ರತಿ ಪಂಚಮಿಗೂ ಎಲ್ಲರೂ ನಾಗಪ್ಪನಿಗೆ ಹಾಲು ಹಾಕಲು ಹೋದಾಗ, ಹಿತ್ತಲಿನ ನೀರೊಲೆಯ ಮೇಲಿನ ಹಂಡೆ ಇಳಿಸಿ, ಮಣ್ಣಿನ ಹಂಚಿಟ್ಟು ಮಾವನಿಗೆ ಎರಡು ರೊಟ್ಟಿ ಬಡಿಯುತ್ತಿದ್ದಳು. ನಾನು ಪ್ರತಿ ವರ್ಷ ನೋಡಿದ್ದೇನೆ, ಪ್ರತಿ ವರ್ಷ ಸುಮ್ಮನಿದ್ದೇನೆ.

ಈ ಸಲ ನಂದಾ ಬೇಗ ತಿರುಗಿ ಬಂದು, ಕಾಲು ತೊಳೆಯಲು ನೇರ ಹಿತ್ತಲಿಗೇ ಬಂದಳು.

“ಅಯ್ಯಯ್ಯ! ಪಂಚಮಿ ದಿನ ಹಂಚ ಇಟ್ಟೀಯಲ್ಲ! ನಾವು ಅಲ್ಲಿ ಹಾಲ ಹಾಕಿ ಬರೂದು, ನೀ ಇಲ್ಲಿ ನಾಗಪ್ಪನ ಹೆಡಿ ಸುಡೂದು!” ಬಾಯಲ್ಲಿದ್ದ ‘ವೈನಿ’, ‘ಬರ್ರಿ’ ಎಲ್ಲ ಆ ಕ್ಷಣಕ್ಕೇ ಗಟಾರ ಸೇರಿದವು.

“ನಿಮ್ಮಪ್ಪಗ ರೊಟ್ಟಿ,” ಎಂದಳು ಮಹಾನಂದಾ, ಬಡಿಯುವ ಕೈ ನಿಲ್ಲಿಸದೆ.

“ವರ್ಷಾ ಹಿಂಗ ಮಾಡ್ತೀಯೇನು?”

“ಹೂಂ, ವರ್ಷಾ ಮಾಡ್ತೀನಿ. ಪಂಚಮಿ ದಿನ ನಿಮ್ಮಪ್ಪ ಏನ ಉಣ್ತಾನ ಅಂತ ನೀ ಒಮ್ಮೆರ ಕೇಳೀಯೇನು?”

“ಅದಕ್ಕ ನಮ್ಮಪ್ಪಗ ಲಕ್ವಾ ಹೊಡದೈತಿ! ಈ ಮನಿಗೆ ದೋಷ ತಂದಾಕಿ ನೀನ!”

ಲಕ್ವಾ ಹೊಡೆದದ್ದು ಮೊದಲು, ಹಂಚಿಟ್ಟದ್ದು ಆಮೇಲೆ. ಅಷ್ಟು ತಿಳಿಯಲು ಶಾಲೆಗೆ ಹೋಗಬೇಕಾಗಿಲ್ಲ. ಆದರೆ ನಂದಾ ಹಂಡೆಯಿಂದ ಒಂದು ತಂಬಿಗೆ ನೀರು ಎತ್ತಿ ಒಲೆಯ ಮೇಲೆ ಸುರಿದೇಬಿಟ್ಟಳು. ಕಾದ ಹಂಚು ಚಟ್ಟೆಂದು ಎರಡು ಹೋಳಾಯಿತು. ಅರೆಬೆಂದ ರೊಟ್ಟಿ ಬೂದಿ ನೀರಲ್ಲಿ ಬಿತ್ತು. ಗೋಡೆ ಹಾರಿ ಹೋಗಿ ಅವಳ ಕೂದಲು ಹಿಡಿಯಬೇಕೆನ್ನಿಸಿತು ನನಗೆ.

ಅಷ್ಟರಲ್ಲಿ ಮುಂಬಾಗಿಲಲ್ಲಿ ಗೌರೀಶನ ಬೈಕಿನ ಹಾರ್ನು ಕೇಳಿತು. ನಂದಾ ಸೊಂಟದ ಮೇಲೆ ಕೈಯಿಟ್ಟು ಅಡ್ಡ ನಿಂತಳು. “ಎಲ್ಲಿಗಿ ಹೊಂಟಿ? ಮೊದಲ ಮನಿ ಸಾರಿಸು. ನಾಗಪ್ಪನ ಮುಂದ ತಪ್ಪಾತು ಅನ್ನು. ಎಲ್ಲಾರಿಗೂ ಊಟಕ್ಕ ನೀಡು. ಆಮ್ಯಾಲ ಹೋಗೂದ ನೋಡೂಣು.” ಸಂಗನಬಸವ ಬಾಗಿಲವರೆಗೆ ಬಂದು, ಇಬ್ಬರ ಮುಖ ನೋಡಿ, ಒಳಗೆ ಹೋದ.

ಗೋಡೆ ಹಿಡಿದು ಹಿಡಿದು ರೇವವ್ವ ಹೊರಗೆ ಬಂದಳು. “ಯಾಕಬೇ ಒದರ್ತಿ? ಹಂಚ ಇಡು ಅಂದಾಕಿ ನಾನು. ನಾಗಪ್ಪ ಕಡಿಯೂದಿದ್ರ ನನ್ನ ಕಡೀಲಿ, ಮನಿ ತೋರಿಸಿ ಬಾ ಹೋಗು. ಮಹಾನಂದಾ, ನೀ ನಡಿ. ನಂದಾ, ಅಟ್ಟದ ಮ್ಯಾಲ ಕಬ್ಬಣದ ಹಂಚ ಐತಿ, ಇಳಸು.”

“ಯವ್ವಾ, ನಾ ಇವತ್ತ ಹಂಚ ಮುಟ್ಟೂದಿಲ್ಲ.”

“ಹಂಗಾರ ನಿಮ್ಮಪ್ಪನ ಮುಂದ ಕುಂತು, ಇವತ್ತ ನಿನಗ ಉಪಾಸ ಅಂತ ನೀನ ಹೇಳು. ಆಂವ ಏನ ತಿರುಗಿ ಅನ್ನೂದಿಲ್ಲ, ಬಾಯಿ ಹೋಗೇತಿ.”

ಮಹಾನಂದಾ ಕೈಗೆ ಮೆತ್ತಿದ ಹಿಟ್ಟನ್ನೂ ತೊಳೆಯದೆ ಚೀಲ ಎತ್ತಿಕೊಂಡು ಬೈಕು ಹತ್ತಿದಳು. ಮಧ್ಯಾಹ್ನ ಆ ಮನೆಯಿಂದ ರೊಟ್ಟಿ ಸೀದ ವಾಸನೆ ಬಂತು. ನಂದಾ ಬಡಿದ ಮೂರನೆಯ ರೊಟ್ಟಿಯನ್ನು ಮುದುಕ ನುಂಗಿದನಂತೆ. ನಾನು ಅಂದು ಎರಡು ಕಡುಬು ಹೆಚ್ಚಿಗೆ ತಿಂದೆ.

ಮುಂದಿನದನ್ನು ಮಹಾನಂದಾಳೇ ನನಗೆ ಹೇಳಿದಳು. ತಂಬೂರದಲ್ಲಿ ಅವ್ವ ಬಾಗಿಲಲ್ಲೇ ಕಾದಿದ್ದಳು. ಮಗಳ ಮುಖವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. “ಬಡವಾಗೀಯಲ್ಲ ನನ ಮಗಳ” ಎಂದು ಅತ್ತಳು. ಮಹಾನಂದಾಳೂ ಅತ್ತಳು. ದಾರಿಯುದ್ದಕ್ಕೂ ಹೊತ್ತು ತಂದ ಸಿಟ್ಟು ಅಲ್ಲಿ ಇಳಿಯಿತು.

ಆದರೆ ಗೌರೀಶನ ಹೆಂಡತಿ ಶಿವಲೀಲಾ ನೀರಿನ ತಂಬಿಗೆಯನ್ನು ಕುಕ್ಕಿ ಇಟ್ಟು ಒಳಗೆ ಹೋದಳು. ಊಟಕ್ಕೆ ನೀಡುವಾಗಲೂ ಕಡುಬು ತಾಟಿಗೆ ಬಿದ್ದ ಸಪ್ಪಳವೇ ಹೊರತು ಬೇರೆ ಮಾತಿಲ್ಲ. ಮಹಾನಂದಾ ಅಡುಗೆ ಮನೆಗೆ ಹೋಗಿ, “ಏನಾಗೇತಿ ನಿನಗ?” ಎಂದು ಕೇಳಿದಳು.

“ಏನ ಆಗಬೇಕ್ರಿ ಅಕ್ಕಾರ? ನೀವು ಬರೂದಿಲ್ಲ ಅಂತ ನಾ ವರ್ಷಾ ಪಂಚಮಿಗೆ ನಮ್ಮ ತವರಿಗೆ, ಕುಬಿಹಾಳಕ್ಕ ಹೋಗ್ತಿದ್ದೆ. ಈ ವರ್ಷ ನೀವು ಬಂದ್ರಿ. ಮನಿ ಮಗಳು ಬಂದಾಗ ಸೊಸಿ ಹ್ಯಾಂಗ ಹೋಗೂದ್ರಿ? ನಮ್ಮವ್ವಗ ಬರೂದಿಲ್ಲ ಅಂತ ಹೇಳೀನಿ.”

“ನಾ ಏನ ದಿನಾ ಬರ್ತೀನೇನು?” ಎಂದುಬಿಟ್ಟಳು ಮಹಾನಂದಾ. ಅಂದ ಮೇಲೆ ಅವಳಿಗೆ ತಿಳಿಯಿತು, ಇದು ನಂದಾಳ ಬಾಯಲ್ಲಿ ಬರುವ ಮಾತು. ನಾಚಿಕೆಗಿಂತ ಹೆಚ್ಚಾಗಿ ಸಿಟ್ಟೇ ಬಂತಂತೆ. ತನ್ನ ಮೇಲೆ, ಶಿವಲೀಲಾಳ ಮೇಲೆ, ಈ ಹಬ್ಬದ ಮೇಲೆ. ಆ ಸಿಟ್ಟಿನಲ್ಲೇ ಅವಳ ಕೈಯಲ್ಲಿದ್ದ ಸೌಟು ಕಿತ್ತುಕೊಂಡಳು. “ಸೀರಿ ಉಟಗೋ. ಗೌರೀಶ ಬಿಟ್ಟ ಬರ್ತಾನ. ನಾಡಿದ್ದ ಬಾ.”

ಶಿವಲೀಲಾ ಬೇಡವೆನ್ನಲಿಲ್ಲ. ಉಪಕಾರವಾಯಿತೆಂದೂ ಅನ್ನಲಿಲ್ಲ. ಸೀರೆ ಬದಲಿಸಿ, ಉಂಡಿಯ ಡಬ್ಬಿ ಹಿಡಿದು ಗಂಡನ ಹಿಂದೆ ಕುಳಿತು ಹೊರಟುಹೋದಳು.

ಸಂಜೆ ಊಟಕ್ಕೆ ತಾಟು ತಂದಿಟ್ಟಾಗ ಅವ್ವ ಕೇಳಿದಳು, “ಶಿವಲೀಲಾ ಎಲ್ಲಿ?”

“ತವರಿಗೆ ಕಳಿಸೀನಿ.”

“ಯಾರ್ನ ಕೇಳಿ ಕಳಿಸಿದಿ?”

“ನಾ ಅದೀನಲ್ಲವಾ.”

“ನೀ ಎರಡ ದಿನದಾಕಿ. ಕಣ್ಣಿಗೆ ಔಷಧ ಹಾಕೂದು ಆಕಿಗೆ ಗೊತ್ತು. ನಾ ಎದ್ದರ ಕೈ ಹಿಡಿಯೂದು ಆಕಿಗೆ ಗೊತ್ತು. ನಿನ್ನ ಮಾರಿ ನೋಡಬೇಕಾಗಿತ್ತು, ನೋಡಿನಿ. ನಾಳಿಗೇ ಆಕಿನ್ನ ಕರಸು.”

“ಕರಸೂದಿಲ್ಲ,” ಎಂದಳು ಮಹಾನಂದಾ. “ಆಕಿಗೂ ಅವ್ವ ಅದಾಳ. ಎರಡ ದಿನ ನನ್ನ ಕೈಲೆ ಉಣ್ಣು, ಇಲ್ಲಾ ಉಪಾಸ ಇರು.”

ಅವ್ವ ತಾಟು ಸರಿಸಿ ಗೋಡೆಯ ಕಡೆ ಹೊರಳಿ ಮಲಗಿದಳು. ಮಹಾನಂದಾ ತಾನೂ ಉಣ್ಣದೆ ಎಲ್ಲ ಮುಚ್ಚಿಟ್ಟು, ಅವಳ ಬೆನ್ನ ಹಿಂದೆ ಚಾಪೆ ಹಾಸಿಕೊಂಡಳು.