ಮೊದಲ ಸಲ ಏಳದ ದೇವಿ

ಸಿಡುಬಿನ ಲಸಿಕೆ ಹಾಕಿದ ಕೂಡಲೇ ಮಗಳ ತೋಳು ಒರೆಸಿದ್ದು ನನ್ನ ಅತ್ತೆಯೋ ನಾನೋ ಎಂಬುದು ಇವತ್ತಿಗೂ ಖಚಿತವಿಲ್ಲ. ಅತ್ತೆ ಸೆರಗಿನಿಂದ ಒರೆಸಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಹೆಂಡತಿ ಮಾತ್ರ, 'ಅಮ್ಮ ಆಗ ಹಿತ್ತಲಲ್ಲಿದ್ರು. ಸ್ಪಿರಿಟ್ ಹಚ್ಚಿದ್ದು ನೀವೇ' ಎನ್ನುತ್ತಾಳೆ.

ಐವತ್ತರ ದಶಕದ ಕೊನೆ. ಬಿ.ಎಸ್ಸಿ. ಮುಗಿಸಿ ಶಿಕಾರಿಪುರದಲ್ಲಿ ವಿಜ್ಞಾನದ ಮೇಷ್ಟರಾಗಿದ್ದೆ. ಹೆಂಡತಿ ಬಾಣಂತನಕ್ಕೆ ಹೋದವಳು ಇನ್ನೂ ಸೊರಬದ ತವರಿನಲ್ಲೇ ಇದ್ದಳು. ಮಗಳಿಗೆ ಐದು ತಿಂಗಳು. ಹತ್ತಿರದ ಹಳ್ಳಿಯೊಂದರಲ್ಲಿ ಸಿಡುಬು ಕಾಣಿಸಿತ್ತು. ಲಸಿಕೆ ಹಾಕುವುದನ್ನು ಆಗ ದೇವಿ ಹಾಕುವುದು ಎನ್ನುತ್ತಿದ್ದರು. ದೇವಿ ಹಾಕುವವರು ಸೊರಬಕ್ಕೆ ಬರಲಿದ್ದ ಶನಿವಾರ ನಾನೂ ಬಸ್ಸು ಹತ್ತಿದೆ. ಊರಿನ ಮಕ್ಕಳಿಗೆಲ್ಲ ಚುಚ್ಚುವ ಸಲಕರಣೆಯ ಶುಚಿಯ ಮೇಲೆ ನನಗೆ ನಂಬಿಕೆಯಿರಲಿಲ್ಲ. ಚೀಲದಲ್ಲಿ ಒಂದು ಸೀಸೆ ಸ್ಪಿರಿಟ್ ಒಯ್ದಿದ್ದೆ, ಅದಂತೂ ನಿಜ.

ಮುಂದಿನ ಶನಿವಾರ ನಾನು ಮತ್ತೆ ಹೋಗಿದ್ದೆ. ದೇವಿ ಹಾಕಿದವರು ಪರೀಕ್ಷಿಸಲು ಬಂದಾಗ ತೋಳು ನುಣ್ಣಗಿತ್ತು.

'ಜ್ವರ ಇಲ್ಲ, ಗುಳ್ಳೆ ಇಲ್ಲ. ನಮ್ಮ ಕೂಸು ಗಟ್ಟಿ ಕಣ್ರೀ' ಎಂದರು ಅತ್ತೆ, ಹೆಮ್ಮೆಯಿಂದ.

'ಗಟ್ಟಿ ಅಲ್ಲ ಅಮ್ಮಾ, ದೇವಿ ಎದ್ದೇ ಇಲ್ಲ. ಗುಳ್ಳೆ ಎದ್ರೆ ತಾನೇ ಮೈಗೆ ರೋಗದ ಗುರುತು ಗೊತ್ತಾಗೋದು? ಯಾರು ಒರೆಸಿದ್ದು?'

ನಾನು ಅತ್ತೆಯತ್ತ ನೋಡಿರಬೇಕು.

'ನನ್ನನ್ಯಾಕೆ ನೋಡ್ತೀರಿ? ಸೀಸೆ ತಂದೋರು ನೀವು.'

'ಸ್ಪಿರಿಟ್ಟಾ?' ದೇವಿ ಹಾಕುವವರು ನಕ್ಕೇಬಿಟ್ಟರು. 'ಹಾಕಿದ ಮದ್ದೇ ಸತ್ತುಹೋಗ್ತದೆ ಮೇಷ್ಟ್ರೇ. ಈ ಸಲ ಕೈ ಕಟ್ಕೊಂಡು ಕೂತ್ಕೊಳ್ರೀ.'

ಇನ್ನೊಂದು ತೋಳಿಗೆ ಹಾಕಿದರು. ನಾನು ರಜೆ ಬರೆದು ಅಲ್ಲೇ ಉಳಿದೆ. ಮೂರು ದಿನ ಏನೂ ಇಲ್ಲ. ಅಷ್ಟರಲ್ಲಿ ಆ ಹಳ್ಳಿಯಲ್ಲಿ ಸಿಡುಬು ಇನ್ನೊಂದು ಮನೆಗೆ ಹಬ್ಬಿದ ಸುದ್ದಿ ಬಂತು. ನಾಲ್ಕನೇ ದಿನ ಕೆಂಪು ಗಂಟು, ಆರನೇ ದಿನ ನೀರುಗುಳ್ಳೆ, ಆಮೇಲೆ ಕೀವು, ಸುತ್ತ ಬಾವು, ಜ್ವರ. ಮಗು ಹಾಲು ಕುಡಿಯದೆ ಅತ್ತಿತು, ಹೆಂಡತಿಯೂ ಅತ್ತಳು. ರೋಗವನ್ನು ಗುರುತಿಸಲು ಮೈ ಕಲಿಯುವ ಬಗೆ ಇದು ಎಂದು ಪಾಠ ಶುರುಮಾಡಿದೆ.

'ಅದು ಕಲೀಲಿ, ಮೊದಲು ನೀವು ಮಗೂನ ಎತ್ಕೊಳ್ರೀ' ಎಂದಳು.

ಎತ್ತಿಕೊಂಡೆ. ಮೈ ಸುಡುತ್ತಿತ್ತು. ಮೂರನೇ ವಾರದ ಹೊತ್ತಿಗೆ ಹಕ್ಕಳೆ ಉದುರಿ ಕಲೆ ಉಳಿಯಿತು. ಮನೆಯವರು ನಿಶ್ಚಿಂತರಾದರು. ನನಗೆ ಮಾತ್ರ ಅನುಮಾನ: ಕಲೆ ಉಳಿದ ಮಾತ್ರಕ್ಕೆ ಮೈ ಕಲಿತಿದೆ ಎಂದು ಹೇಗೆ ನಂಬುವುದು?

ಅವಳು ಶಾಲೆಗೆ ಸೇರಿದ ವರ್ಷ ಮತ್ತೆ ದೇವಿ ಹಾಕಿದರು. ಈ ಸಲ ನೆನಪನ್ನು ನಂಬದೆ ದಿನವೂ ತೋಳು ನೋಡಿ ಬರೆದಿಟ್ಟೆ. ಎರಡನೇ ದಿನಕ್ಕೇ ತುರಿಕೆ, ಮೂರನೇ ದಿನ ಸಣ್ಣ ಗುಳ್ಳೆ. ಜ್ವರ ಬರಲಿಲ್ಲ, ವಾರದೊಳಗೆ ಒಣಗಿತು. ಕೂಸಾಗಿದ್ದಾಗ ನಾಲ್ಕು ದಿನ ತೆಗೆದುಕೊಂಡಿದ್ದ ಮೈ ಈ ಸಲ ಎರಡೇ ದಿನದಲ್ಲಿ ಗುರುತು ಹಿಡಿದಿತ್ತು; ಅದು ಕಲಿತಿತ್ತು.